ಪೀಲ್ ಮಾಡಿಸಿ ನಾಲ್ಕನೇ ದಿನ, ನೀರು ತಾಗಿದರೂ ಮುಖ ಉರಿ. ಭಾನುವಾರ ಯುಗಾದಿ ಬೇರೆ!

ಬನಶಂಕರಿ_ಬಿಸಿಲು · ಗುರುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದುತ್ತಿದ್ದೇನೆ, ಬರೆಯುವುದು ಮೊದಲ ಸಲ.

ಕೆನ್ನೆಯ ಮೇಲೆ ಹಳೇ ಮೊಡವೆ ಕಲೆ, ಸ್ವಲ್ಪ ಬಂಗು. ಮೇ ತಿಂಗಳಲ್ಲಿ ತಂಗಿಯ ಮದುವೆ. ಹಾಗಾಗಿ ಸೋಮವಾರ ಸಂಜೆ ಮನೆ ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಪೀಲ್ ಮಾಡಿಸಿಕೊಂಡೆ, ಅಂದರೆ ಆಸಿಡ್ ಹಚ್ಚಿ ಚರ್ಮದ ಮೇಲ್ಪದರ ಸುಲಿಸುವುದು. ಚೀಟಿಯಲ್ಲಿ ಗ್ಲೈಕಾಲಿಕ್ ಆಸಿಡ್ 35% ಎಂದಿದೆ. ಹಚ್ಚಿದಾಗ ಕೆಂಪಿರುವೆ ಕಚ್ಚಿದ ಹಾಗೆ ಚುರುಚುರು ಅಂದಿತು. ಮೂರು ನಿಮಿಷಕ್ಕೆ ಏನೋ ನೀರು ಹಾಕಿ ಒರೆಸಿದರು. "ಬಿಸಿಲಿಗೆ ಹೋಗಬೇಡಿ, ಸನ್‌ಸ್ಕ್ರೀನ್ ಹಚ್ಚಿ" ಎಂದರು, ಬಿಲ್ ಕೊಟ್ಟರು. ಅಷ್ಟೇ.

ಮಂಗಳವಾರ ಮುಖ ಚೆನ್ನಾಗೇ ಇತ್ತು, ಹೊಳೆಯುತ್ತಿತ್ತು ಕೂಡ. ಖುಷಿಯಲ್ಲಿ ಸ್ಕೂಟರ್ ಹತ್ತಿ ಬನ್ನೇರುಘಟ್ಟ ರಸ್ತೆಯ ಆಫೀಸಿಗೆ ಹೋದೆ. ಬುಧವಾರ ಮೂಗಿನ ಪಕ್ಕ, ಬಾಯಿಯ ಮೂಲೆಯಲ್ಲಿ ಸಿಪ್ಪೆ ಏಳಲು ಶುರು. ಇವತ್ತು ಎರಡೂ ಕೆನ್ನೆ ಕೆಂಪು. ಮುಖ ಒಣಗಿದ ಹಪ್ಪಳದ ಹಾಗೆ ಬಿಗಿ. ನಕ್ಕರೆ ಉರಿ, ನೀರು ತಾಗಿದರೂ ಉರಿ. ಗದ್ದದಲ್ಲಿ ಒಂದು ಸಿಪ್ಪೆ ನೇತಾಡುತ್ತಿತ್ತು, ಮೀಟಿಂಗ್‌ನಲ್ಲಿ ಕೂತು ಸುಮ್ನೆ ಎಳೆದೆ. ಅಲ್ಲೊಂದು ಕಡಲೆಬೇಳೆಯಷ್ಟು ಜಾಗ ಹಸಿ ಹಸಿಯಾಗಿದೆ.

ಏನೇನು ಹಚ್ಚುತ್ತಿದ್ದೇನೆ: ಮೊಡವೆಗೆ ಮೊದಲಿಂದ ಬಳಸುವ ಸ್ಯಾಲಿಸಿಲಿಕ್ ಫೇಸ್‌ವಾಶ್, ರೋಸ್ ವಾಟರ್, ಕುಂಡದ ಲೋಳೆಸರ, ವಿಟಮಿನ್ ಸಿ ಸೀರಂ, ಜೆಲ್ ಸನ್‌ಸ್ಕ್ರೀನ್. ನಿನ್ನೆ ರಾತ್ರಿ ಪಕ್ಕದ ಮನೆ ಅಕ್ಕ "ಕಲೆಗೆ ತುಂಬಾ ಒಳ್ಳೇದು" ಎಂದು ಕೊಟ್ಟ ಒಂದು ಟ್ಯೂಬ್.

ಭಾನುವಾರ ಯುಗಾದಿ. ಅತ್ತೆ ಎಣ್ಣೆ ಸ್ನಾನ ಬಿಡುವುದಿಲ್ಲ. ಏನು ಮಾಡಲಿ?

ಮೆಡಿಕಲ್_ಸ್ಟೋರ್_ಅಣ್ಣ · ಗುರುವಾರ, ರಾತ್ರಿ 9:58

ಮೇಡಂ, ಎಣಿಸಿ ನೋಡಿದೆ. ಆರು ಸಾಮಾನು. ಆರರಲ್ಲಿ ಎರಡು, ಸ್ಯಾಲಿಸಿಲಿಕ್ ಮತ್ತು ವಿಟಮಿನ್ ಸಿ, ಮತ್ತೆ ಆಸಿಡ್ಡೇ. ಪೀಲ್ ಮೇಲೆ ದಿನಾ ಚಿಕ್ಕ ಚಿಕ್ಕ ಪೀಲ್ ಮಾಡಿಕೊಳ್ಳುತ್ತಿದ್ದೀರಿ.

ಮೊದಲು ಆ ಟ್ಯೂಬಿನ ಹಿಂದೆ ಏನು ಬರೆದಿದೆ ಓದಿ ಹೇಳಿ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂಬ ಮೂರು ಹೆಸರು ಇದೆಯಾ?

ಬನಶಂಕರಿ_ಬಿಸಿಲು · ಗುರುವಾರ, ರಾತ್ರಿ 10:05

ಅಯ್ಯೋ, ಮೂರೂ ಇದೆ.

ಮೆಡಿಕಲ್_ಸ್ಟೋರ್_ಅಣ್ಣ · ಗುರುವಾರ, ರಾತ್ರಿ 10:21

ಅಂದುಕೊಂಡೆ. ಇವತ್ತಿನಿಂದ ಅದನ್ನು ಮುಟ್ಟಬೇಡಿ. ಹೈಡ್ರೋಕ್ವಿನೋನ್ ಕಲೆ ತಿಳಿ ಮಾಡುವ ಔಷಧಿ. ಟ್ರೆಟಿನಾಯಿನ್ ತಾನೇ ಸಿಪ್ಪೆ ಎಬ್ಬಿಸುವ ಔಷಧಿ. ಮೊಮೆಟಾಸೋನ್ ಸ್ಟೀರಾಯ್ಡ್. ನಾಲ್ಕು ದಿನ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಬಿಟ್ಟ ತಕ್ಷಣ ಮುಖವೆಲ್ಲ ಉರಿ. ಚರ್ಮದ ಡಾಕ್ಟರುಗಳು ಇದಕ್ಕೆ ಒಂದು ಹೆಸರೇ ಇಟ್ಟಿದ್ದಾರೆ, ಸ್ಟೀರಾಯ್ಡ್‌ನಿಂದ ಹಾಳಾದ ಮುಖ ಅಂತ. 2018ರಲ್ಲಿ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಹಾಕಿತು. ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡುವ ಹಾಗಿಲ್ಲ. ಆದರೂ ಕೌಂಟರ್ ಮುಂದೆ ನಿಂತು "ಫೇರ್‌ನೆಸ್ ಕ್ರೀಮ್ ಕೊಡಿ ಅಣ್ಣ" ಎಂದು ಇದನ್ನೇ ತೋರಿಸುವವರು ದಿನಾ ಇದ್ದಾರೆ. ಕೊಡದಿದ್ದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಇರಲಿ, ಅದು ನನ್ನ ಗೋಳು.

ಪಕ್ಕದ ಮನೆ ಅಕ್ಕನಿಗೂ ಒಂದು ಮಾತು ಹೇಳಿ. ಆದರೆ ಅವರು ಬಹಳ ದಿನದಿಂದ ಹಚ್ಚುತ್ತಿದ್ದರೆ ಒಮ್ಮೆಗೇ ಬಿಡದೆ ಡಾಕ್ಟರನ್ನು ಕೇಳಿ ಬಿಡಲಿ. ನೀವು ಹಚ್ಚಿರುವುದು ಒಂದೇ ರಾತ್ರಿ, ಹಾಗೇ ನಿಲ್ಲಿಸಿಬಿಡಿ.

ಮಲ್ಲೇಶ್ವರದ_ಅಜ್ಜಿಮನೆ · ಗುರುವಾರ, ರಾತ್ರಿ 10:30

ನಮ್ಮ ಕಾಲದಲ್ಲಿ ಪೀಲೂ ಇರಲಿಲ್ಲ ಗೀಲೂ ಇರಲಿಲ್ಲ. ಕಡಲೆಹಿಟ್ಟಿಗೆ ಕಸ್ತೂರಿ ಅರಿಶಿನ, ಮೊಸರು, ನಾಲ್ಕು ಹನಿ ನಿಂಬೆರಸ. ಮುಖ ತಂಪಾಗುತ್ತದೆ, ಹಚ್ಚಮ್ಮ.

ಚರ್ಮದ_ಪಿಜಿ · ಗುರುವಾರ, ರಾತ್ರಿ 11:15

ಡ್ಯೂಟಿ ಮುಗಿಸಿ ಈಗ ನೋಡಿದೆ. ಅಜ್ಜಿ, ಕ್ಷಮಿಸಿ, ಈ ಸಲ ನಿಮ್ಮ ಲೇಪ ಬೇಡ. ನಿಂಬೆರಸವೂ ಆಸಿಡ್. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಕೆಲವರಿಗೆ ಸುಟ್ಟ ಹಾಗೆ ಕಪ್ಪು ಕಲೆ ಆಗುತ್ತದೆ. ಕಡಲೆಹಿಟ್ಟು ಒಣಗಿದ ಮೇಲೆ ಉಜ್ಜಿ ತೆಗೆಯಬೇಕು, ಈಗ ಉಜ್ಜುವ ಹಾಗಿಲ್ಲ.

ಬನಶಂಕರಿಯವರೇ, ನಾನು ಚರ್ಮರೋಗ ವಿಭಾಗದಲ್ಲಿ ಪಿಜಿ ಓದುತ್ತಿದ್ದೇನೆ. ನಿಮ್ಮ ಮುಖ ನೋಡಿಲ್ಲ, ಹಾಗಾಗಿ ಪೀಲ್ ಮಾಡಿದವರಿಗೆ ನಾಳೆಯೇ ಫೋನ್ ಮಾಡಿ. ಫೋಟೋ ಕಳಿಸಿ. ಅದು ಅವರ ಕೆಲಸದ ಭಾಗವೇ, ಉಪಕಾರ ಅಲ್ಲ.

ಏನಾಗಿದೆ ಎಂದು ಹೇಳುತ್ತೇನೆ. ಗ್ಲೈಕಾಲಿಕ್ ಆಸಿಡ್ ಚರ್ಮದ ಮೇಲ್ಪದರದ ಸತ್ತ ಕೋಶಗಳ ಹಿಡಿತ ಸಡಿಲ ಮಾಡುತ್ತದೆ. ಅದು ತಾನಾಗಿ ನಿಲ್ಲುವುದಿಲ್ಲ. ಅಡುಗೆ ಸೋಡಾದ ದ್ರಾವಣವನ್ನೋ ನೀರನ್ನೋ ಹಾಕಿ ನಿಲ್ಲಿಸಬೇಕು. ನಿಮಗೆ ಹಾಕಿದ "ಏನೋ ನೀರು" ಅದೇ. ಆಮೇಲೆ ಎರಡು ಮೂರನೇ ದಿನಕ್ಕೆ ಸಿಪ್ಪೆ ಶುರುವಾಗಿ, ವಾರದೊಳಗೆ ಮುಗಿಯುವುದು ಸಹಜ. ಮಂಗಳವಾರದ ಹೊಳಪು ಎಲ್ಲರಿಗೂ ಮೋಸ ಮಾಡುತ್ತದೆ. ನಿಮ್ಮ ಮುಖವನ್ನು ಮನೆಯ ತಾರಸಿ ಅಂದುಕೊಳ್ಳಿ: ಹಳೇ ವಾಟರ್‌ಪ್ರೂಫಿಂಗ್ ಕಿತ್ತಿದ್ದಾರೆ, ಹೊಸದು ಇನ್ನೂ ಒಣಗಿಲ್ಲ. ಅಷ್ಟರಲ್ಲಿ ನೀವು ಅದರ ಮೇಲೆ ಆರು ಬಕೆಟ್ ಸುರಿದಿದ್ದೀರಿ. ಈ ಉರಿಯಲ್ಲಿ ಪೀಲ್‌ನ ಪಾಲು ಎಷ್ಟು, ಸೀರಂ ಮತ್ತು ಟ್ಯೂಬಿನ ಪಾಲು ಎಷ್ಟು ಎಂದು ಯಾರಿಗೂ ಹೇಳಲು ಆಗದು.

ಈಗ ಮೂರೇ ವಸ್ತು ಇಟ್ಟುಕೊಳ್ಳಿ. ನೊರೆ ಬಾರದ, ವಾಸನೆ ಇಲ್ಲದ ಸೌಮ್ಯ ಕ್ಲೆನ್ಸರ್, ದಿನಕ್ಕೆ ಎರಡೇ ಸಲ, ಬೆರಳಿನ ತುದಿಯಲ್ಲಿ. ಪರಿಮಳ ಇಲ್ಲದ ಸಾದಾ ಮಾಯಿಶ್ಚರೈಸರ್, ಒರೆಸಿದ ಮೇಲೆ ಮುಖ ಇನ್ನೂ ತುಸು ಹಸಿ ಇರುವಾಗಲೇ. ಸಿಪ್ಪೆ ಏಳುವ ಜಾಗಕ್ಕೆ ಮತ್ತು ಗದ್ದದ ಹಸಿ ಜಾಗಕ್ಕೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ. ಮುಖವೆಲ್ಲ ಬಳಿಯಬೇಡಿ, ನಿಮಗೆ ಮೊಡವೆ ಬೇರೆ ಬರುತ್ತದೆ. ಉರಿ ಜಾಸ್ತಿಯಾದರೆ ತಣ್ಣೀರಲ್ಲಿ ಅದ್ದಿದ ಶುದ್ಧ ಹತ್ತಿ ಬಟ್ಟೆ ಹತ್ತು ನಿಮಿಷ ಇಡಿ. ಐಸ್ ಗಡ್ಡೆಯನ್ನು ನೇರ ಇಡಬೇಡಿ.

ಕುಂಡದ ಲೋಳೆಸರ ಕತ್ತರಿಸಿದಾಗ ಸಿಪ್ಪೆಯ ಅಂಚಿನಿಂದ ಹಳದಿ ರಸ ಸುರಿಯುತ್ತದಲ್ಲ, ಅದು ಚರ್ಮಕ್ಕೆ ಉರಿ ತರುತ್ತದೆ. ಸಾಮಾನ್ಯ ದಿನ ತಡೆದೀತು, ಈ ವಾರ ಬೇಡ.

ಬನಶಂಕರಿ_ಬಿಸಿಲು · ಗುರುವಾರ, ರಾತ್ರಿ 11:24

ಸನ್‌ಸ್ಕ್ರೀನ್ ಮೂರರ ಲೆಕ್ಕದಲ್ಲಿ ಬರಲೇ ಇಲ್ಲವಲ್ಲ ಡಾಕ್ಟ್ರೇ? ಅದೂ ಉರಿಯುತ್ತಿದೆ.

ಚರ್ಮದ_ಪಿಜಿ · ಗುರುವಾರ, ರಾತ್ರಿ 11:40

ಬೇಕೆಂದೇ ಬಿಟ್ಟೆ. ಎರಡು ದಿನ ಮನೆಯಿಂದ ಕೆಲಸ ಮಾಡಲು ಆದರೆ ಮಾಡಿ. ಹಸಿ ಗಾಯದ ಮೇಲೆ ಸನ್‌ಸ್ಕ್ರೀನ್ ತಿಕ್ಕುವುದಕ್ಕಿಂತ ಬಿಸಿಲಿಗೆ ಹೋಗದಿರುವುದೇ ಮೇಲು. ಕಿಟಕಿ ಪಕ್ಕ ಕೂರಬೇಡಿ, ಗಾಜಿನ ಮೂಲಕವೂ ಯುವಿ-ಎ ಕಿರಣ ಬರುತ್ತದೆ. ಹೊರಗೆ ಹೋಗಲೇಬೇಕಾದಾಗ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಜೆಲ್ ಬಗೆಯ ಸನ್‌ಸ್ಕ್ರೀನ್‌ನಲ್ಲಿ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತದೆ, ಅದಕ್ಕೇ ಚುರ್ ಅನ್ನುವುದು. ಎರಡು ಬೆರಳಿನ ಉದ್ದಕ್ಕೆ ತೆಗೆದುಕೊಳ್ಳಿ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ.

ಸಿಲ್ಕ್‌ಬೋರ್ಡ್_ಸನ್ಯಾಸಿ · ಶುಕ್ರವಾರ, ಬೆಳಿಗ್ಗೆ 8:10

ಜಿಂಕ್ ಹಚ್ಚಿದರೆ ಯಕ್ಷಗಾನದ ವೇಷ ಕಟ್ಟಿದ ಹಾಗೆ ಕಾಣುತ್ತೀರಿ, ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಸೇರಿಸಿದ್ದು ಸಿಗುತ್ತದೆ, ಅದನ್ನು ತೆಗೆದುಕೊಳ್ಳಿ.

ನನ್ನ ಕತೆ ಕೇಳಿ. ಹೋದ ವರ್ಷ ಮೊಡವೆಗೆ ಸ್ಯಾಲಿಸಿಲಿಕ್ ಪೀಲ್ ಮಾಡಿಸಿದ್ದೆ. ಅದನ್ನು ಹಚ್ಚಿದಾಗ ಮುಖದ ಮೇಲೆ ಬಿಳಿ ಪುಡಿ ಕೂತಿತು, ತಾನೇ ನಿಂತಿತು. ನೋವೇನೂ ಇರಲಿಲ್ಲ. ಮೂರನೇ ದಿನ ಜಂಬದಲ್ಲಿ ಶೇವ್ ಮಾಡಿ ಆಫ್ಟರ್ ಶೇವ್ ಸುರಿದುಕೊಂಡೆ. ಬಾತ್‌ರೂಮಿನಲ್ಲಿ ಕಿರುಚಿದ್ದಕ್ಕೆ ಅಮ್ಮ ಹಲ್ಲಿ ಬಿತ್ತೇನೋ ಎಂದು ಓಡಿ ಬಂದರು. ಆಮೇಲೆ ಹೆಲ್ಮೆಟ್. ಔಟರ್ ರಿಂಗ್ ರೋಡಿನಲ್ಲಿ ಒಂದೂವರೆ ಗಂಟೆ, ಒಳಗೆ ಬೆವರು, ಕೆನ್ನೆಗೆ ಪ್ಯಾಡ್ ತಿಕ್ಕುವುದು, ಧೂಳು. ಪೀಲ್‌ಗಿಂತ ಹೆಲ್ಮೆಟ್ಟೇ ಜಾಸ್ತಿ ಸುಲಿಯಿತು. ಹಾಗಂತ ಹೆಲ್ಮೆಟ್ ಬಿಡಬೇಡಿ. ಆ ವಾರ ಗಾಡಿ ಬಿಟ್ಟು ಮೆಟ್ರೋದಲ್ಲೋ ಬಸ್ಸಿನಲ್ಲೋ ಹೋಗಿ.

ದುಪಟ್ಟಾವನ್ನು ಮುಖಕ್ಕೆ ಬಿಗಿದು ಸುತ್ತಿಕೊಳ್ಳುವವರೂ ಅಷ್ಟೇ. ಅದೂ ಉಜ್ಜುತ್ತದೆ.

ಎರಡು_ಮಕ್ಕಳ_ತಾಯಿ · ಶುಕ್ರವಾರ, ಬೆಳಿಗ್ಗೆ 11:02

ಅಡುಗೆಮನೆ ಬಗ್ಗೆ ಯಾರೂ ಹೇಳಲೇ ಇಲ್ಲ. ಪೀಲ್ ಆದ ವಾರ ನಾನು ಒಬ್ಬಟ್ಟಿನ ಬೇಳೆ ಬಸಿಯಲು ಹೋಗಿ ಹಬೆ ಮುಖಕ್ಕೆ ಬಡಿದು ಅರ್ಧ ದಿನ ಮುಖ ಕಾದ ಹಂಚಾಗಿತ್ತು. ಯುಗಾದಿಗೆ ಒಬ್ಬಟ್ಟು ಮಾಡುವವರು ನೀವೇ ಆದರೆ ಈ ಸಲ ಕೊಂಡು ತನ್ನಿ. ಕಾಯಿ ಹೋಳಿಗೆಯೂ ಸಿಗುತ್ತದೆ, ಯಾರೂ ಬೈಯುವುದಿಲ್ಲ.

ಇನ್ನೊಂದು, ಬೋರ್‌ವೆಲ್ ನೀರು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಾರ್ಚ್ ಬಂದರೆ ಟ್ಯಾಂಕರ್ ನೀರೇ ಗತಿ, ಬಕೆಟ್ ತುಂಬ ಬಿಳಿ ಕಲೆ. ಗಡಸು ನೀರಲ್ಲಿ ಸೋಪು ಸರಿಯಾಗಿ ಹೋಗುವುದಿಲ್ಲ, ಚರ್ಮದ ಮೇಲೇ ಉಳಿಯುತ್ತದೆ. ನಾನು ಕೊನೆಗೆ ಒಂದು ಚೊಂಬು ಫಿಲ್ಟರ್ ನೀರಲ್ಲಿ ಮುಖ ತೊಳೆಯುತ್ತಿದ್ದೆ. ಗೀಸರ್ ಬಿಸಿ ನೀರು ಬೇಡವೇ ಬೇಡ.

ಬನಶಂಕರಿ_ಬಿಸಿಲು · ಶುಕ್ರವಾರ, ರಾತ್ರಿ 8:30

ಕ್ಲಿನಿಕ್‌ಗೆ ಫೋನ್ ಮಾಡಿದೆ. ರಿಸೆಪ್ಷನ್ ಹುಡುಗಿ "ಅದು ನಾರ್ಮಲ್ ಮ್ಯಾಮ್" ಎಂದಳು. ಡಾಕ್ಟರ್ ಜೊತೆ ಮಾತಾಡಬೇಕು ಎಂದೆ. ಪೀಲ್ ಮಾಡಿದವರು ಡಾಕ್ಟರ್ ಅಲ್ಲ, ಥೆರಪಿಸ್ಟ್ ಅಂತೆ! ಡಾಕ್ಟರ್ ಶನಿವಾರ ಮಾತ್ರ ಬರುತ್ತಾರಂತೆ. ಕೇಳಿ ತಲೆ ಕೆಟ್ಟುಹೋಯಿತು.

ನಿನ್ನೆ ರಾತ್ರಿಯಿಂದ ಹೇಳಿದ ಮೂರೇ ಹಚ್ಚುತ್ತಿದ್ದೇನೆ. ಉರಿ ಅರ್ಧ ಕಡಿಮೆ. ಗದ್ದದ ಜಾಗ ಹಾಗೇ ಇದೆ. ಕೈ ಮಾತ್ರ ಸುಮ್ಮನಿರುವುದಿಲ್ಲ.

ಚರ್ಮದ_ಪಿಜಿ · ಶುಕ್ರವಾರ, ರಾತ್ರಿ 9:12

ಉರಿ ಇಳಿಯುತ್ತಿರುವುದು ಒಳ್ಳೇ ಲಕ್ಷಣ. ಇದು ತಿರುಗಿದರೆ ಕಾಯಬೇಡಿ. ನೋವು ದಿನದಿಂದ ದಿನಕ್ಕೆ ಏರುವುದು, ನೀರುಗುಳ್ಳೆ, ಕೀವು, ಜೇನಿನ ಬಣ್ಣದ ಹಕ್ಕಳೆ, ಕಣ್ಣಿನ ಸುತ್ತ ಊತ, ಜ್ವರ, ಇವುಗಳಲ್ಲಿ ಒಂದು ಬಂದರೂ ಅದೇ ದಿನ ಚರ್ಮದ ಡಾಕ್ಟರನ್ನು ನೋಡಿ. ಜ್ವರ ಬಂದಾಗ ತುಟಿಯ ಅಂಚಿನಲ್ಲಿ ಗುಳ್ಳೆಗಳ ಗುಂಪು ಏಳುವ ಅಭ್ಯಾಸ ನಿಮಗಿದ್ದರೆ ಅದನ್ನೂ ಹೇಳಿ. ಅದು ಹರ್ಪಿಸ್. ಪೀಲ್ ಆದ ಮೇಲೆ ಅದು ಮುಖಕ್ಕೆಲ್ಲ ಹರಡಬಹುದು. ಆ ಇತಿಹಾಸ ಇದ್ದವರಿಗೆ ಪೀಲ್‌ಗೆ ಮೊದಲೇ ವೈರಸ್ ವಿರುದ್ಧದ ಮಾತ್ರೆ ಶುರು ಮಾಡುತ್ತಾರೆ. ಅದನ್ನು ಅವರು ಕೇಳಿದ್ದರಾ?

ಖಾಸಗಿಯಲ್ಲಿ ಸಿಗದಿದ್ದರೆ ವಿಕ್ಟೋರಿಯಾ, ಬೌರಿಂಗ್ ಎರಡೂ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ. ಬೆಳಿಗ್ಗೆ ಬೇಗ ಹೋಗಿ, ಸರದಿ ಉದ್ದ ಇರುತ್ತದೆ.

ಮೆಡಿಕಲ್_ಸ್ಟೋರ್_ಅಣ್ಣ · ಶುಕ್ರವಾರ, ರಾತ್ರಿ 9:30

ಇದನ್ನು ಓದುವ ಬೇರೆಯವರಿಗೆ: ಕ್ಲಿನಿಕ್‌ಗೆ ಹೋದಾಗ ಗೋಡೆ ನೋಡಿ. 2007ರ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆ ಪ್ರಕಾರ ಖಾಸಗಿ ಕ್ಲಿನಿಕ್ ನೋಂದಣಿ ಮಾಡಿಸಬೇಕು, ಸರ್ಟಿಫಿಕೇಟ್ ಕಾಣುವ ಹಾಗೆ ಹಾಕಬೇಕು. ಡಾಕ್ಟರ ಹೆಸರಿನ ಮುಂದೆ ಎಂಡಿ ಡಿವಿಎಲ್, ಡಿಡಿವಿಎಲ್ ಈ ತರಹ ಚರ್ಮರೋಗದ ಓದು ಇದೆಯಾ, ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಇದೆಯಾ ನೋಡಿ. ಬಿಳಿ ಕೋಟು ಬಾಡಿಗೆಗೂ ಸಿಗುತ್ತದೆ.

ರಾತ್ರಿಪಾಳಿ · ಶುಕ್ರವಾರ, ರಾತ್ರಿ 11:50

ನಾನು ಆನ್‌ಲೈನ್‌ನಲ್ಲಿ ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಸಿಡ್, ಪೀಲ್‌ಗೆ ಬಳಸುವುದು) 30% ತರಿಸಿದ್ದೇನೆ. ವಿಡಿಯೋ ನೋಡಿ ಮನೆಯಲ್ಲೇ ಮಾಡಿಕೊಳ್ಳೋಣ ಅಂತ. ಇದನ್ನೆಲ್ಲ ಓದಿ ಈಗ ಸ್ವಲ್ಪ ಭಯ. ಮಾಡಬಹುದಾ?

ಚರ್ಮದ_ಪಿಜಿ · ಶನಿವಾರ, ಬೆಳಿಗ್ಗೆ 6:05

ಬೇಡ. ಬಾಟಲಿ ತೆರೆಯಲೇಬೇಡಿ.

ಟಿಸಿಎ ಚರ್ಮದ ಪ್ರೋಟೀನನ್ನೇ ಗಟ್ಟಿ ಮಾಡುತ್ತದೆ. ಮೊಟ್ಟೆ ಬೆಂದಾಗ ಬೆಳ್ಳಗಾಗುತ್ತದಲ್ಲ, ಮುಖ ಹಾಗೆ ಬಿಳಿಯಾಗುತ್ತದೆ. ಆ ಬಿಳುಪು ಎಷ್ಟು ಗಾಢ ಎಂದು ನೋಡಿಯೇ ಆಸಿಡ್ ಎಷ್ಟು ಆಳಕ್ಕೆ ಇಳಿದಿದೆ ಎಂದು ಅಂದಾಜು ಮಾಡುವುದು. ಒಮ್ಮೆ ಇಳಿದರೆ ಸೋಡಾ ನೀರು ಹಾಕಿ ವಾಪಸ್ ತರಲು ಬರುವುದಿಲ್ಲ. ನಮ್ಮ ಕಂದು ಚರ್ಮಕ್ಕೆ ಗಾಯವಾದರೆ ಅದು ವಾಸಿಯಾದ ಮೇಲೂ ಕಪ್ಪು ಕಲೆ ಉಳಿಯುತ್ತದೆ, ಹೋಗಲು ತಿಂಗಳುಗಳು ಬೇಕು. ಆಳಕ್ಕೆ ಸುಟ್ಟರೆ ಗುಂಡಿ, ಗಂಟು ಆಗಿ ಹಾಗೇ ನಿಲ್ಲಬಹುದು. ನಮ್ಮ ಒಪಿಡಿಗೆ ಬಂದವರನ್ನು ನೋಡಿಯೇ ಹೇಳುತ್ತಿದ್ದೇನೆ.

ರಾತ್ರಿಪಾಳಿ · ಶನಿವಾರ, ಬೆಳಿಗ್ಗೆ 7:20

ಸರಿ ಡಾಕ್ಟ್ರೇ, ವಾಪಸ್ ಕಳಿಸುತ್ತೇನೆ. 900 ರೂಪಾಯಿ ಹೋದರೂ ಹೋಗಲಿ.

ಮಲ್ಲೇಶ್ವರದ_ಅಜ್ಜಿಮನೆ · ಶನಿವಾರ, ಬೆಳಿಗ್ಗೆ 9:00

ನನ್ನ ನಿಂಬೆಹಣ್ಣು ಬೇಡ ಎಂದಿರಿ, ಸರಿ. ಕೊಬ್ಬರಿ ಎಣ್ಣೆಗೂ ತಕರಾರಾ? ನಾವು ಮಕ್ಕಳಿಗೆ ಹುಟ್ಟಿದಾಗಿನಿಂದ ಅದನ್ನೇ ಹಚ್ಚಿ ಬೆಳೆಸಿದ್ದೇವೆ.

ಚರ್ಮದ_ಪಿಜಿ · ಶನಿವಾರ, ಬೆಳಿಗ್ಗೆ 9:45

ಇಲ್ಲ ಅಜ್ಜಿ, ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಒಳ್ಳೆಯದೇ. ಮೊಡವೆ ಬರುವ ಮುಖಕ್ಕೆ ಮಾತ್ರ ಬೇಡ, ರಂಧ್ರ ಕಟ್ಟುತ್ತದೆ. ಪರಿಮಳ ಹಾಕಿದ ತಲೆ ಎಣ್ಣೆಯಂತೂ ಬೇಡ. ನಾಳೆಯ ಸ್ನಾನಕ್ಕೆ ಒಂದು ದಾರಿ ಇದೆ. ಮೈಗೆ ಧಾರಾಳ ಎಣ್ಣೆ ಹಚ್ಚಿ, ಮುಖ, ಕತ್ತಿನ ಮುಂಭಾಗ ಬಿಡಿ. ನೆತ್ತಿಗೂ ಒಂದು ಬೊಟ್ಟು ಇಡಿ, ಶಾಸ್ತ್ರಕ್ಕೆ. ತಲೆ ತೊಳೆಯುವಾಗ ಬ್ಯೂಟಿಪಾರ್ಲರ್‌ನಲ್ಲಿ ಮಾಡುವ ಹಾಗೆ ತಲೆ ಹಿಂದಕ್ಕೆ ವಾಲಿಸಿ. ಸೀಗೆಕಾಯಿ ನೀರು ಹಣೆಯ ಮೇಲೆ ಇಳಿಯಬಾರದು. ಅದು ಕಣ್ಣಿಗೆ ಹೋದರೆ ಹೇಗಿರುತ್ತದೆ ಗೊತ್ತಲ್ಲ, ಸಿಪ್ಪೆ ಎದ್ದ ಚರ್ಮಕ್ಕೂ ಹಾಗೇ.

ಕುಂಕುಮವನ್ನೂ ನಾಳೆ ಬೈತಲೆಯಲ್ಲಿ ಮಾತ್ರ ಇಟ್ಟುಕೊಳ್ಳಿ. ಸ್ಟಿಕ್ಕರ್ ಬೊಟ್ಟಿನ ಅಂಟು ಸಿಪ್ಪೆಯನ್ನೂ ಸೇರಿಸಿ ಎಳೆದುಕೊಂಡು ಬರುತ್ತದೆ. ಕೆಲವರಿಗೆ ಆ ಅಂಟಿನಿಂದಲೇ ಹಣೆಯಲ್ಲಿ ಬಿಳಿ ಮಚ್ಚೆ ಆಗುವುದೂ ಉಂಟು.

ಬನಶಂಕರಿ_ಬಿಸಿಲು · ಭಾನುವಾರ, ರಾತ್ರಿ 9:15

ಯುಗಾದಿ ಹಬ್ಬದ ಶುಭಾಶಯ ಎಲ್ಲರಿಗೂ. ಅತ್ತೆಗೆ ಅಜ್ಜಿಯ ಪೋಸ್ಟನ್ನೂ ಡಾಕ್ಟರ ಉತ್ತರವನ್ನೂ ಓದಿ ಹೇಳಿದೆ. "ಮುಖ ಬಿಟ್ಟು ಎಣ್ಣೆ ಸ್ನಾನ, ಬೇವು ಬಿಟ್ಟು ಬೇವು ಬೆಲ್ಲ" ಎಂದು ಗೊಣಗಿದರು. ಆದರೆ ಅವರೇ ನಿಂತು ತಲೆ ತೊಳೆದರು, ಒಂದು ಹನಿ ಮುಖಕ್ಕೆ ತಾಗಿಸಲಿಲ್ಲ.

ನಿನ್ನೆ ಬೇರೆ ಚರ್ಮದ ಡಾಕ್ಟರಿಗೆ ತೋರಿಸಿದೆ. ಸೋಂಕು ಇಲ್ಲವಂತೆ, ಇದೇ ಮುಂದುವರಿಸಿ ಎಂದರು. ಟ್ಯೂಬ್ ನೋಡಿ ಮಾತ್ರ ಚೆನ್ನಾಗಿ ಬೈದರು.

ಬನಶಂಕರಿ_ಬಿಸಿಲು · ಮುಂದಿನ ಗುರುವಾರ, ಸಂಜೆ 7:00

ಹನ್ನೊಂದನೇ ದಿನ. ಸಿಪ್ಪೆ ಪೂರ್ತಿ ಹೋಗಿದೆ. ಕೆಂಪು ಇಲ್ಲ. ಕೆನ್ನೆಯ ಮೊಡವೆ ಕಲೆ ನಿಜವಾಗಿ ತಿಳಿಯಾಗಿದೆ, ಬಂಗು ಹಾಗೇ ಇದೆ. ಗದ್ದದಲ್ಲಿ ಸಿಪ್ಪೆ ಕಿತ್ತ ಜಾಗ ಒಣಗಿದೆ, ಆದರೆ ಅಷ್ಟಗಲ ಕಂದು ಮಚ್ಚೆ ಉಳಿದಿದೆ. ಕಲೆ ತೆಗೆಸಲು ಹೋಗಿ ಹೊಸ ಕಲೆ! ಮದುವೆಗೆ ಹೋಗುತ್ತದಾ? ಥ್ರೆಡಿಂಗ್ ಯಾವಾಗ ಮಾಡಿಸಬಹುದು?

ಚರ್ಮದ_ಪಿಜಿ · ಮುಂದಿನ ಗುರುವಾರ, ರಾತ್ರಿ 10:30

ಥ್ರೆಡಿಂಗ್, ವ್ಯಾಕ್ಸಿಂಗ್, ಬ್ಲೀಚ್ ಇನ್ನೊಂದು ವಾರ ತಡೆಯಿರಿ. ವಿಟಮಿನ್ ಸಿ, ಸ್ಯಾಲಿಸಿಲಿಕ್ ಫೇಸ್‌ವಾಶ್ ವಾಪಸ್ ತರುವಾಗ ಒಂದೊಂದಾಗಿ ತನ್ನಿ. ಎರಡರ ನಡುವೆ ನಾಲ್ಕೈದು ದಿನ ಬಿಡಿ. ಚುರ್ ಎಂದರೆ ಯಾವುದೆಂದು ಆಗ ಗೊತ್ತಾಗುತ್ತದೆ.

ಆ ಮಚ್ಚೆ ಮೇ ಹೊತ್ತಿಗೆ ಪೂರ್ತಿ ಹೋಗದಿರಬಹುದು. ಮೇಲ್ಪದರದಲ್ಲಿದ್ದರೆ ಕೆಲವು ತಿಂಗಳಲ್ಲಿ ತಾನೇ ತಿಳಿಯಾಗುತ್ತದೆ. ಬಿಸಿಲು ತಾಗಿದರೆ ಮಾತ್ರ ಇನ್ನೂ ಕಪ್ಪಾಗುತ್ತದೆ. ಬೆಂಗಳೂರು ತಂಪು ಎಂದು ನಂಬಬೇಡಿ. ನಾವು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದೇವೆ. ಎತ್ತರ ಏರಿದಷ್ಟೂ ಯುವಿ ಜಾಸ್ತಿ, ಪ್ರತಿ ಸಾವಿರ ಮೀಟರಿಗೆ ಸುಮಾರು 10%. ಗಾಳಿ ತಣ್ಣಗಿರುವುದರಿಂದ ಸುಡುವುದು ಗೊತ್ತಾಗುವುದಿಲ್ಲ ಅಷ್ಟೇ. ಬಂಗಿಗೆ ಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಉಪಯೋಗ. ಅದರ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗು ಆ ಬೆಳಕಿಗೂ ಕಪ್ಪಾಗುತ್ತದೆ.

ಮದುವೆಗೆ ಮುಂಚೆ ಇನ್ನೊಂದು ಪೀಲ್ ಮಾಡಿಸುವ ಯೋಚನೆ ಇದ್ದರೆ ಈಗ ನೋಡಿದ ಡಾಕ್ಟರನ್ನೇ ಕೇಳಿ. ಮದುವೆಯ ಹಿಂದಿನ ವಾರ ಮಾತ್ರ ಬೇಡ.

ಸಿಲ್ಕ್‌ಬೋರ್ಡ್_ಸನ್ಯಾಸಿ · ಮುಂದಿನ ಗುರುವಾರ, ರಾತ್ರಿ 10:52

ಗದ್ದದ ಮಚ್ಚೆಗೆ ಕನ್ಸೀಲರ್ ಇದೆ ಬಿಡಿ. ಫೋಟೋಗ್ರಾಫರ್‌ಗೆ ಒಂದು ಹೋಳಿಗೆ ಜಾಸ್ತಿ ಹಾಕಿಸಿ, ಉಳಿದದ್ದು ಅವನು ನೋಡಿಕೊಳ್ಳುತ್ತಾನೆ.

ಬನಶಂಕರಿ_ಬಿಸಿಲು · ಮುಂದಿನ ಗುರುವಾರ, ರಾತ್ರಿ 11:08

ಹ್ಹಹ್ಹ. ಪೀಲ್ ಇನ್ನು ಮದುವೆ ಆದ ಮೇಲೇ. ಪಕ್ಕದ ಮನೆ ಅಕ್ಕನ ವಿಷಯ ಹೇಳಿದಿರಲ್ಲ ಅಣ್ಣ, ಎರಡು ವರ್ಷದಿಂದ ಅದೇ ಟ್ಯೂಬ್ ಅಂತೆ. ಸೋಮವಾರ ಅವರನ್ನೂ ಆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ನಮ್ಮ ಅತ್ತೆ ಬೆಳಿಗ್ಗೆ ವಾಕಿಂಗ್‌ಗೆ ನನ್ನ ಬಣ್ಣದ ಸನ್‌ಸ್ಕ್ರೀನ್ ಹಚ್ಚಿಕೊಂಡು ಹೋಗುತ್ತಿದ್ದಾರೆ. ಎರಡು ಬೆರಳಿನ ಲೆಕ್ಕ ಕಲಿಸಿದ್ದು ನಾನೇ, ಟ್ಯೂಬ್ ವಾರದಲ್ಲಿ ಅರ್ಧ ಖಾಲಿ.